‘ಕೈಮಗ್ಗದ ಇಳಕಲ್’ ಎಂದರೆ ಮೊದಲು ಸೆರಗು ತಿರುವಿ ನೋಡಿ

ದಸರೆ ಹತ್ತಿರವಾದಂತೆ ಪುಣೆಯ ಸಭಾಂಗಣಗಳಲ್ಲಿ ಸೀರೆಗಳ ಪ್ರದರ್ಶನ-ಮಾರಾಟ ಶುರುವಾಗುತ್ತದೆ. ಕೋಥ್ರೂಡ್ ಕಡೆಯ ಕನ್ನಡಿಗರು ಎಚ್ಚರದಿಂದಿರಿ. ಕಳೆದ ವರ್ಷ ಅಂಥದೊಂದು ಮಳಿಗೆಯಲ್ಲಿ ‘ಹತ್ತಿಯ ಒಡಲು, ರೇಷ್ಮೆಯ ಸೆರಗು, ಪರಿಸರಸ್ನೇಹಿ, ಪೂರ್ತಿ ಹಣ ನೇಕಾರರಿಗೇ’ ಎಂಬ ಫಲಕವಿತ್ತು. ನಾಲ್ಕೂವರೆ ಸಾವಿರ ಕೊಟ್ಟು ಹಸಿರು ಇಳಕಲ್ ತಂದೆ. ಮಗ್ಗದ ಮುಂದೆ ಕುಳಿತ ಅಜ್ಜನ ಫೋಟೊವನ್ನೂ ಜೊತೆಗೆ ಕೊಟ್ಟಿದ್ದರು.

ಹಬ್ಬಕ್ಕೆ ಗುಳೇದಗುಡ್ಡದಿಂದ ಬಂದ ಸೋದರತ್ತೆ ಸೆರಗನ್ನು ತಿರುವಿ, “ಇದಕ್ಕೆ ಕೊಂಡಿಯೇ ಇಲ್ಲವಲ್ಲ ತಂಗಿ” ಎಂದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೇ (ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳು) ಬೇರೆ, ಸೆರಗಿನ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದರೊಳಗೊಂದು ಕುಣಿಕೆ ಹಾಕಿ ಕೂಡಿಸುತ್ತಾರೆ, ಅದೇ ಕೊಂಡಿ. ಹಾಗಾಗಿ ಒಂದೊಂದು ಸೀರೆಗೂ ಹಾಸನ್ನು ಪ್ರತ್ಯೇಕವಾಗಿ ಅಣಿಗೊಳಿಸಬೇಕು, ಥಾನು ನೇಯ್ದು ಕತ್ತರಿಸಿದಂತೆ ಆಗುವುದಿಲ್ಲ. ನನ್ನ ಸೀರೆಯಲ್ಲೋ ಒಡಲಿನ ಹಸಿರು ಎಳೆಗಳೇ ಸೆರಗಿನ ಕೆಂಪಿನೊಳಗೂ ಹರಿದಿದ್ದವು. ಎಳೆ ಕಿತ್ತು ಸುಟ್ಟೆವು. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ, ರೇಷ್ಮೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಇದು ಕರಗಿ ಗಟ್ಟಿ ಗುಂಡಾಯಿತು: ಪಾಲಿಯೆಸ್ಟರ್. ಒಗೆದಾಗಲೆಲ್ಲ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳನ್ನು ನೀರಿಗೆ ಬಿಡುವ ಬಟ್ಟೆಗೆ ‘ಪರಿಸರಸ್ನೇಹಿ’ ಎಂಬ ಹಣೆಪಟ್ಟಿ!

ಪಾಲಿಯೆಸ್ಟರ್ ಮಾರುವುದು ತಪ್ಪಲ್ಲ, ಅದೇ ಹೆಸರಿನಲ್ಲಿ, ಅದರ ಬೆಲೆಗೆ ಮಾರಲಿ. (ಕೃತಕ ರೇಷ್ಮೆಯ ಸೆರಗಿರುವ ಅಸಲಿ ಇಳಕಲ್ ಕೂಡ ಇದೆ, ಪ್ರಾಮಾಣಿಕರು ಹಾಗೆಂದು ಹೇಳಿಯೇ ಕೊಡುತ್ತಾರೆ.) ನೇಕಾರನ ಮುಖ ತೋರಿಸಿ ಹಣ ಎತ್ತಿ, ಆತನಿಗೆ ಕಾಸೂ ಮುಟ್ಟಿಸದಿರುವುದು ಶುದ್ಧ ಕಳ್ಳತನ. ಇಂಥ ಮಾಲಿನ ಪಕ್ಕದಲ್ಲಿಟ್ಟರೆ ನಿಜವಾದ ನೇಕಾರ ಕೇಳುವ ಬೆಲೆಯೇ ದುಬಾರಿ ಎನಿಸುತ್ತದೆ, ಗಿರಾಕಿ ಅವನೊಂದಿಗೇ ಚೌಕಾಸಿಗೆ ಇಳಿಯುತ್ತಾನೆ.

ನನ್ನ ಬಿಲ್ಲಿನಲ್ಲಿದ್ದದ್ದು ‘ಸೀರೆ 1’ ಎಂದಷ್ಟೇ. ನೀವು ‘ಕೈಮಗ್ಗ’ ಎಂಬ ಪದ, ನೂಲಿನ ಹೆಸರು, ಜಿಎಸ್‌ಟಿ ಸಂಖ್ಯೆ ಮೂರನ್ನೂ ಬರೆಸಿಕೊಳ್ಳಿ. 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದು ಕೇಳಿ. ಶುದ್ಧ ರೇಷ್ಮೆ ಎಂದರೆ ಸಿಲ್ಕ್ ಮಾರ್ಕ್ ಕೇಳಿ. ‘ಪರಿಸರಸ್ನೇಹಿ’ ಎನ್ನುವವರು ಅದಕ್ಕೆ ಆಧಾರ ಕೊಡಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ. ಮೋಸ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಾನೂ ಮಾಡಿದೆ, ಬಿಲ್ಲಿನಲ್ಲಿ ವಿಳಾಸವೇ ಇಲ್ಲದೆ ದೂರು ಮುಂದೆ ಸಾಗಿಲ್ಲ. ಅದೇ ಮನುಷ್ಯ ಈಗ ಬೇರೆ ಫಲಕ ತೂಗುಹಾಕಿಕೊಂಡು ಕರ್ವೆ ರಸ್ತೆಯ ಬಳಿ ಕಾಣಿಸಿಕೊಂಡಿದ್ದಾನಂತೆ, ಅಜ್ಜನ ಫೋಟೊ ಮಾತ್ರ ಅದೇ.