ಅಮ್ಮನ ಜೊತೆ ಚರ್ಚ್ ಸ್ಟ್ರೀಟ್: ಬೀದಿಗೆ ಒಳ್ಳೇ ಮಾರ್ಕು, ಹೊಸ ಕಟ್ಟಡಗಳಿಗೆ ಅರ್ಧ

ಹೋಟೆಲ್‌ಗೆ, ಮೊಬೈಲ್‌ಗೆ ರಿವ್ಯೂ ಬರೆಯುತ್ತೇವಲ್ಲ, ಈ ಸಲ ಒಂದು ಇಡೀ ಬೀದಿಗೆ ಬರೆಯೋಣ ಅನ್ನಿಸಿತು. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ನಾನು ಹದಿನೈದು ವರ್ಷದಿಂದ ಹೋಗುತ್ತಿದ್ದೇನೆ. ಆದರೂ ತಿಪಟೂರಿನಿಂದ ಬಂದಿದ್ದ ಅಮ್ಮನನ್ನು ಒಂದು ಭಾನುವಾರ ಕರೆದುಕೊಂಡು ಹೋದಾಗಲೇ ಅದನ್ನು ಸರಿಯಾಗಿ ನೋಡಿದ್ದು. ಅಮ್ಮನಿಗೆ ಅರವತ್ತೆಂಟು, ಮಂಡಿ ನೋವು. ಅವಳ ಕೈ ಹಿಡಿದು ನಡೆದರೆ ಪ್ರತಿ ಮೆಟ್ಟಿಲು, ಪ್ರತಿ ಏರುತಗ್ಗು, ಕೂರೋಕೆ ಆಗುವ ಪ್ರತಿ ಕಟ್ಟೆ ಕಣ್ಣಿಗೆ ಬೀಳುತ್ತದೆ.

ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ಬ್ರಿಗೇಡ್ ರೋಡಿಗೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬಲಗಡೆಗೆ ಸಿಗುತ್ತದೆ. ಅಲ್ಲಿಂದ ಸೇಂಟ್ ಮಾರ್ಕ್ಸ್ ರೋಡ್ ತನಕ ಸುಮಾರು ಮುಕ್ಕಾಲು ಕಿಲೋಮೀಟರ್, ಅಷ್ಟೇ. 2017ರಲ್ಲಿ ಈ ಬೀದಿಯನ್ನು ಪೂರ್ತಿ ಅಗೆದು ಹಾಕಿದ್ದರು. ಆ ವರ್ಷ ಧೂಳು, ಗುಂಡಿ, ಹಲಗೆ ದಾಟಿಕೊಂಡು ಪುಸ್ತಕದ ಅಂಗಡಿಗೆ ಹೋದದ್ದು ಇನ್ನೂ ನೆನಪಿದೆ. 2018ರ ಮಾರ್ಚ್‌ನಲ್ಲಿ ಮತ್ತೆ ತೆರೆದಾಗ ಡಾಂಬರಿನ ಜಾಗದಲ್ಲಿ ಕಲ್ಲುಹಾಸು ಬಂದಿತ್ತು, ಫುಟ್‌ಪಾತ್ ಅಗಲವಾಗಿತ್ತು. ಟೆಂಡರ್‌ಶ್ಯೂರ್ ಅಂತ ಈ ಕೆಲಸದ ಹೆಸರು. ನೀರಿನ ಪೈಪು, ಒಳಚರಂಡಿ, ಕರೆಂಟು, ಇಂಟರ್‌ನೆಟ್ ಕೇಬಲ್ಲು, ಎಲ್ಲಕ್ಕೂ ನೆಲದ ಕೆಳಗೆ ಮೊದಲೇ ಜಾಗ ಮಾಡಿಬಿಟ್ಟರೆ ಒಬ್ಬರಾದ ಮೇಲೊಬ್ಬರು ಬಂದು ರಸ್ತೆ ಅಗೆಯುವುದು ತಪ್ಪುತ್ತದೆ, ಅದು ಲೆಕ್ಕಾಚಾರ. ಅಲ್ಲಲ್ಲಿ ಕಲ್ಲು ಅಲುಗಾಡುತ್ತದೆ, ನಿಜ. ಆದರೆ ಅಮ್ಮ ಅರ್ಧ ಬೀದಿಯನ್ನು ನನ್ನ ಕೈ ಬಿಟ್ಟು ನಡೆದಳು. ಬೆಂಗಳೂರಿನಲ್ಲಿ ಅವಳು ಹಾಗೆ ನಡೆದದ್ದು ನಾನು ಬೇರೆಲ್ಲೂ ನೋಡಿಲ್ಲ.

ಮೊದಲು ಇಂಡಿಯನ್ ಕಾಫಿ ಹೌಸ್‌ಗೆ ಹೋದೆವು. 2009ರವರೆಗೆ ಇದು ಎಂ.ಜಿ. ರೋಡಿನಲ್ಲಿತ್ತು, ಆಮೇಲೆ ಇಲ್ಲಿನ ಬ್ರಿಗೇಡ್ ಗಾರ್ಡನ್ಸ್ ಕಟ್ಟಡಕ್ಕೆ ಬಂತು. ಬಿಳಿ ಬಟ್ಟೆ, ತಲೆಗೆ ಪೇಟ ಹಾಕಿದ ಹಿರಿಯರೊಬ್ಬರು ಬಂದು "ಏನ್ ಕೊಡ್ಲಿ ಅಮ್ಮ?" ಅಂದರು. ಅಮ್ಮನ ಮುಖ ಅರಳಿತು. ಅಲ್ಲಿಯವರೆಗೆ ಈ ದೊಡ್ಡ ಊರಿನ ಬೀದಿಯಲ್ಲಿ ತನಗೆ ಅರ್ಥವಾಗುವ ಮಾತು ಸಿಗುತ್ತದೋ ಇಲ್ಲವೋ ಅಂತ ಅಂಜಿಕೊಂಡಿದ್ದಳು. ದೋಸೆ ಸಾಧಾರಣ. ಕಾಫಿ ಚೆನ್ನಾಗಿದೆ, ಆದರೆ ನಮ್ಮ ಕಡೆಯ ಗಟ್ಟಿ ಫಿಲ್ಟರ್ ಕಾಫಿಯ ರುಚಿ ಬಯಸಬೇಡಿ. ನನಗೆ ಮುಖ್ಯವಾದದ್ದು ಬೇರೆ: ಮುಕ್ಕಾಲು ಗಂಟೆ ಕೂತರೂ ಯಾರೂ ಏಳಿಸಲಿಲ್ಲ.

ಆಮೇಲೆ ಪುಸ್ತಕದ ಅಂಗಡಿಗಳು. ಬ್ಲಾಸಮ್ ಶುರು ಮಾಡಿದ ಮಾಯಿ ಗೌಡರು ಎಂಜಿನಿಯರಿಂಗ್ ಓದಿದವರು, ಎಂ.ಜಿ. ರೋಡಿನ ಫುಟ್‌ಪಾತ್ ಮೇಲೆ ಹಳೇ ಪುಸ್ತಕ ಮಾರಿ ಇಲ್ಲಿಗೆ ಬಂದವರು. ಬುಕ್‌ವರ್ಮ್‌ನ ಕೃಷ್ಣ ಗೌಡರದ್ದೂ ಫುಟ್‌ಪಾತ್‌ನಿಂದಲೇ ಶುರುವಾದ ಬದುಕು. ಈ ಬೀದಿಯ ಗುಟ್ಟು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ರಸ್ತೆ ಮೇಲೆ ನಿಂತು ಮಾರಿದವರಿಗೆ ಇಲ್ಲೇ ಸುತ್ತಮುತ್ತ ಒಂದು ಚಿಕ್ಕ ಅಂಗಡಿ ಹಿಡಿಯುವ ಶಕ್ತಿ ಬಂತು, ಆಮೇಲೆ ಅದು ದೊಡ್ಡದಾಯಿತು, ಯಾಕೆಂದರೆ ಆಗ ಇಲ್ಲಿ ಚಿಕ್ಕ ಅಂಗಡಿಗಳಿಗೆ ಜಾಗವಿತ್ತು, ಬಾಡಿಗೆ ಅವರ ಕೈಗೆ ಎಟುಕುತ್ತಿತ್ತು. ಅಮ್ಮ ಒಂದು ಹಳೇ ಕನ್ನಡ ಕಾದಂಬರಿ ಕೈಗೆತ್ತಿಕೊಂಡು, ಸ್ಟೂಲ್ ಎಳೆದುಕೊಂಡು, ಇಪ್ಪತ್ತು ಪುಟ ಅಲ್ಲೇ ಓದಿ ಮುಗಿಸಿದಳು.

ಈಗ ಹೊಸ ಕಟ್ಟಡಗಳ ವಿಷಯ. ಕೆಳಗೆ ಅಂಗಡಿ, ಅದರ ಮೇಲೆ ಹೋಟೆಲ್ಲು, ಇನ್ನೂ ಮೇಲೆ ಆಫೀಸು. ಒಂದೇ ಕಟ್ಟಡದಲ್ಲಿ ಎಲ್ಲ ಇರುವುದಕ್ಕೆ ನನ್ನ ತಕರಾರಿಲ್ಲ, ಅದು ಒಳ್ಳೆಯದೇ. ಮಧ್ಯಾಹ್ನ ಆಫೀಸಿನವರು ಊಟಕ್ಕೆ ಇಳಿಯುತ್ತಾರೆ, ಸಂಜೆ ಕಾಲೇಜಿನವರು ಬರುತ್ತಾರೆ, ರಾತ್ರಿ ಹೋಟೆಲ್‌ಗಳ ದೀಪ. ಹೀಗೆ ದಿನವಿಡೀ ಯಾರಾದರೂ ಇದ್ದೇ ಇರುವುದರಿಂದ ಹೆಣ್ಣುಮಕ್ಕಳು ಕತ್ತಲಾದ ಮೇಲೂ ಇಲ್ಲಿ ಧೈರ್ಯವಾಗಿ ಓಡಾಡುತ್ತಾರೆ. ನನ್ನ ಪ್ರಶ್ನೆ ನೆಲಮಹಡಿಯದ್ದು. ಹಳೇ ಕಟ್ಟಡದ ಮುಂದೆ ಹತ್ತು ಹೆಜ್ಜೆ ಹಾಕಿದರೆ ಎರಡು ಮೂರು ಬಾಗಿಲು ಸಿಗುತ್ತವೆ, ಒಳಗೆ ಯಾರೋ ಕೂತಿರುತ್ತಾರೆ, ಸುಮ್ನೆ ಇಣುಕಿ ನೋಡಬಹುದು. ಕೆಲವು ಹೊಸ ಕಟ್ಟಡಗಳ ಮುಂದೆ ಅಷ್ಟೇ ದೂರ ನಡೆದರೆ ಗಾಜು, ಪಾರ್ಕಿಂಗ್ ಇಳಿಜಾರು, ಜನರೇಟರ್ ಬಿಸಿ ಗಾಳಿ, ಇಷ್ಟೇ.

ಅಂಥದ್ದೇ ಒಂದು ಕಟ್ಟಡದ ಮುಂದೆ ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು. ಎರಡು ನಿಮಿಷವೂ ಆಗಿರಲಿಲ್ಲ, ಸೆಕ್ಯುರಿಟಿಯವರು ಬಂದರು. "ಇಲ್ಲಿ ಕೂರೋ ಹಾಗಿಲ್ಲ ಅಮ್ಮ, ಮೇಲ್ಗಡೆಯವರು ನಮ್ಮನ್ನ ಬೈತಾರೆ." ಆತ ಒರಟಾಗಿ ಹೇಳಲಿಲ್ಲ, ಪಾಪ, ಮುಜುಗರ ಪಟ್ಟುಕೊಂಡೇ ಹೇಳಿದ. ಅಮ್ಮ "ಆಯ್ತಪ್ಪ" ಅಂತ ಎದ್ದಳು. ನನಗೆ ಮಾತ್ರ ತುಂಬಾ ನೋವಾಯಿತು. ಅಷ್ಟು ದೊಡ್ಡ ಕಟ್ಟಡ ಕಟ್ಟಿದವರಿಗೆ ಮುಂದುಗಡೆ ಒಂದು ಜಗಲಿ ಕಟ್ಟಿಸೋಕೆ ಏನು ಕಷ್ಟ? ನಮ್ಮ ಊರುಗಳಲ್ಲಿ ಬಡವರ ಮನೆಗೂ ಜಗಲಿ ಇರುತ್ತಿತ್ತು. ದಾರಿಹೋಕರು ಕೂತರೆ ಒಳಗಿನಿಂದ ನೀರು ಬರುತ್ತಿತ್ತೇ ಹೊರತು ಏಳಿ ಅನ್ನುತ್ತಿರಲಿಲ್ಲ. ಹಿಂದಿನ ನಗರ ಪಾಲಿಕೆ ಬಿಬಿಎಂಪಿಯ ಕಾಲದಲ್ಲಿ ಆಗದೇ ಹೋಗಿದ್ದರೆ ಈಗಲಾದರೂ ಆಗಲಿ: ಹೊಸ ಕಟ್ಟಡಕ್ಕೆ ಪ್ಲಾನ್ ಮಂಜೂರು ಮಾಡುವಾಗ ಬೀದಿ ಕಡೆಗೆ ಎಷ್ಟು ಬಾಗಿಲು, ಎಷ್ಟು ನೆರಳು, ಕೂರೋಕೆ ಎಷ್ಟು ಜಾಗ ಅಂತಲೂ ಕೇಳಬೇಕು.

ಇನ್ನೊಂದು ಕೊರತೆ ಗಾಡಿಗಳದ್ದು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಇಲ್ಲಿ ಗಾಡಿ ಬಿಡುತ್ತಿರಲಿಲ್ಲ. ಕೋವಿಡ್ ಭಯದ ನಡುವೆಯೂ ಜನ ಬಂದರು, ಮಕ್ಕಳು ರಸ್ತೆ ಮಧ್ಯದಲ್ಲಿ ಓಡಾಡಿದರು. ಆ ಪ್ರಯೋಗ ಅಲ್ಲಿಗೇ ನಿಂತಿತು. ಈಗ ಭಾನುವಾರ ಸಂಜೆ ಜನ ಫುಟ್‌ಪಾತ್ ತುಂಬಿ ರಸ್ತೆಗೆ ಇಳಿಯುತ್ತಾರೆ, ಹಿಂದಿನಿಂದ ಕಾರು ಹಾರ್ನ್ ಹೊಡೆಯುತ್ತದೆ. ಮುಕ್ಕಾಲು ಕಿಲೋಮೀಟರ್ ರಸ್ತೆಯನ್ನು ವಾರಕ್ಕೆ ಎರಡು ದಿನ ನಡೆಯುವವರಿಗೆ ಬಿಟ್ಟುಕೊಡಬಹುದು, ಅಲ್ವಾ? ಮೆಟ್ರೋ ಪಕ್ಕದಲ್ಲೇ ಇದೆ. ಅಂಗಡಿಗೆ ಸಾಮಾನು ಇಳಿಸೋಕೆ ಬೆಳಗ್ಗೆ ಸಮಯ ಕೊಟ್ಟರೆ ಸಾಕು.

ಸಂಜೆ ಐದಕ್ಕೆ ಚಿತ್ರ ಬರೆಯುವ ಹುಡುಗರು ಬಂದು ಕೂರುತ್ತಾರೆ, ಒಬ್ಬ ಗಿಟಾರ್ ಹಿಡಿದು ಹಾಡುತ್ತಾನೆ, ಬಲೂನಿನವರು, ಕಿವಿಯೋಲೆ ಮಾರುವವರು. ನೀವು ಹೋಗುವುದಾದರೆ ಬೆಳಗ್ಗೆ ಕಾಫಿಗೆ ಒಮ್ಮೆ, ಸಂಜೆ ಇದಕ್ಕೆ ಒಮ್ಮೆ ಹೋಗಿ. ಮಧ್ಯಾಹ್ನ ಬಿಸಿಲು ಜಾಸ್ತಿ, ನೆರಳು ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ಕೂರುವ ಜಾಗವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಅಮ್ಮನನ್ನು ಒಬ್ಬ ಹುಡುಗ ತನ್ನ ಮಡಿಸುವ ಕುರ್ಚಿಯಲ್ಲಿ ಕೂರಿಸಿ ಚಿತ್ರ ಬರೆದ. ಮೂಗು ಸರಿಯಾಗಿ ಬಂದಿಲ್ಲ ಅಂದಳು. ಚಿತ್ರ ಮುಗಿದ ಮೇಲೂ "ಇನ್ನೊಂದು ಐದು ನಿಮಿಷ ಕೂತಿರ್ಲಾ ಮಗಾ?" ಅಂತ ಆ ಹುಡುಗನನ್ನೇ ಕೇಳಿದಳು. "ಕೂತ್ಕೊಳ್ಳಿ ಆಂಟಿ" ಅಂದು ಅವನು ಮುಂದಿನ ಗಿರಾಕಿಯನ್ನು ನಿಲ್ಲಿಸಿಯೇ ಬರೆಯತೊಡಗಿದ.