ವೈಪರ್ ಆರ್ಮ್: ಕಂಪನಿಯದ್ದೋ, ಜೆಸಿ ರಸ್ತೆಯದ್ದೋ?

ಮಳೆಯಲ್ಲಿ ಕಾರಿನ ಗಾಜಿನ ಒಂದೇ ಕಡೆ ನೀರು ಉಳಿಯುತ್ತಿದ್ದರೆ ಮೊದಲು ವೈಪರಿನ ಬ್ಲೇಡ್, ಅಂದರೆ ನೀರು ಒರೆಸುವ ರಬ್ಬರ್ ಪಟ್ಟಿ, ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಬ್ಲೇಡನ್ನು ಹಿಡಿದಿರುವ ತೋಳಿನ, ಅಂದರೆ ಆರ್ಮ್‌ನ, ಸ್ಪ್ರಿಂಗ್ ಸಡಿಲವಾಗಿರಬಹುದು, ಇಲ್ಲವೇ ಆರ್ಮ್ ಬಾಗಿರಬಹುದು.

ಕಂಪನಿ ಆರ್ಮ್‌ಗೆ ದುಡ್ಡು ಜಾಸ್ತಿ. ಆದರೆ ಉದ್ದ, ಬಾಗು, ಬುಡದ ಹಲ್ಲು ಎಲ್ಲಾ ಸರಿಯಾಗಿ ಕೂರುತ್ತವೆ. ಬೆಂಗಳೂರಿನ ಜೆಸಿ ರಸ್ತೆಯಂಥ ಬಿಡಿಭಾಗದ ಅಂಗಡಿಗಳಿರುವ ಕಡೆ ಸಿಗುವ ಬೇರೆಯವರ ಮಾಲು ಅಗ್ಗ, ಕೆಲವು ಚೆನ್ನಾಗಿಯೇ ಇರುತ್ತವೆ. ಆದರೆ ಹಳೇ ಆರ್ಮ್ ಬಿಚ್ಚಿ ಜೊತೆಗೆ ಒಯ್ಯಿರಿ. ಬುಡದ ತೂತಿನೊಳಗಿನ ಸಣ್ಣ ಹಲ್ಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅವು ಹೊಂದದಿದ್ದರೆ ನಟ್ ಎಷ್ಟು ಬಿಗಿದರೂ ಜೋರು ಮಳೆಯಲ್ಲಿ ಆರ್ಮ್ ಜಾರುತ್ತದೆ. ಹೆದ್ದಾರಿಯಲ್ಲಿ ಹಾಗಾದರೆ ಎದುರಿನ ಲಾರಿ ಕೂಡ ಕಾಣಲ್ಲ, ಅಲ್ವಾ?

ನಾನಾದರೆ ಡ್ರೈವರ್ ಕಡೆಗೆ ಕಂಪನಿಯದ್ದೇ ಹಾಕುತ್ತೇನೆ. ಹಿಂದಿನ ಗಾಜಿಗೆ ಅಗ್ಗದ್ದು ಸಾಕು.

ಇನ್ನು ಮನೆಯಲ್ಲೋ, ಗ್ಯಾರೇಜಲ್ಲೋ? ಮನೆಯಲ್ಲೇ ಆಗುವ ಕೆಲಸ. ಬ್ಲೇಡ್ ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ ಗುರುತಿಡಿ. ಮುಚ್ಚಳ ತೆಗೆದು, ನಟ್ ಬಿಚ್ಚಿ, ಅಲ್ಲಾಡಿಸುತ್ತಾ ಎಳೆಯಿರಿ. ಗಾಜಿನ ಮೇಲೆ ದಪ್ಪ ಟವೆಲ್ ಹಾಸಿರಲೇಬೇಕು. ಬ್ಲೇಡ್ ಇಲ್ಲದ ಆರ್ಮ್ ಪಟ್ಟನೆ ಬಡಿದರೆ ಗಾಜು ಸೀಳಬಹುದು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಆರ್ಮ್ ಎಳೆದು ತೆಗೆಯುವ ಉಪಕರಣ, ಪುಲ್ಲರ್, ಇರುವ ಗ್ಯಾರೇಜಿಗೆ ಹೋಗಿ.