‘ಹೈ ಪ್ರಿಸಿಷನ್’ ತಕ್ಕಡಿ: ಪ್ರಿಸಿಷನ್ ಇದೆ, ಆಕ್ಯುರಸಿ ಇಲ್ಲ

ಮನೆಯಲ್ಲಿ ಮಾಡಿ ಮಾರುವ ಚಟ್ನಿಪುಡಿಯನ್ನು ತೂಗಲೆಂದು ಮೂರು ತಿಂಗಳ ಹಿಂದೆ 5 ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ‘ಹೈ ಪ್ರಿಸಿಷನ್’ ಎಂದಿತ್ತು. ತೂಕ ಸರಿಯಾಗಿರುತ್ತದೆ ಎಂದು ನಾನು ಅರ್ಥಮಾಡಿಕೊಂಡೆ. ಆ ಭರವಸೆಗೆ ಸಲ್ಲುವ ಪದ ಆಕ್ಯುರಸಿ. ಕನ್ನಡದಲ್ಲಿ ಎರಡನ್ನೂ ‘ನಿಖರತೆ’ ಎಂದೇ ಕರೆಯುವ ರೂಢಿಯಿರುವುದರಿಂದ ನಾವು ಎಡವುವುದು ಇನ್ನೂ ಸುಲಭ.

250 ಗ್ರಾಂ ಪೊಟ್ಟಣ ತೂಕದಲ್ಲಿ ಕಡಿಮೆಯಿದೆ ಎಂದು ಗಿರಾಕಿಯೊಬ್ಬರು ತಿಳಿಸಿದಾಗ, ಪಕ್ಕದ ದಿನಸಿ ಅಂಗಡಿಯಿಂದ ಅರ್ಧ ಕಿಲೋ ತೂಕದ ಕಲ್ಲನ್ನು ಕೇಳಿ ತಂದೆ. ಅದರ ತಳದ ಸೀಸದ ಮೇಲೆ ಸರಕಾರದ ಮುದ್ರೆ ಸ್ಪಷ್ಟವಾಗಿತ್ತು. ಐದು ಸಲ ಇಟ್ಟು ತೆಗೆದೆ: 517, 517, 518, 517, 517. ಅದೇ ವಸ್ತುವನ್ನು ಎಷ್ಟು ಸಲ ಇಟ್ಟರೂ ಹೆಚ್ಚುಕಡಿಮೆ ಅದೇ ಅಂಕಿಯನ್ನು ತೋರಿಸುವುದು ಪ್ರಿಸಿಷನ್, ಮತ್ತು ಅದು ಈ ತಕ್ಕಡಿಯಲ್ಲಿ ನಿಜಕ್ಕೂ ಇದೆ. ತೋರಿಸಿದ ಅಂಕಿ ನಿಜವಾದ ತೂಕಕ್ಕೆ ಹತ್ತಿರವಿರುವುದು ಆಕ್ಯುರಸಿ, ಅದಿಲ್ಲ. ಒಂದು ಕಿಲೋ ಕಲ್ಲಿಗೆ 1034 ತೋರಿಸಿತು. ಅಂದರೆ ತಪ್ಪು ತೂಕದೊಂದಿಗೇ ಬೆಳೆಯುತ್ತದೆ, ಮತ್ತು ನನ್ನ ಪ್ರತಿ ಪೊಟ್ಟಣದಲ್ಲೂ ಸುಮಾರು 8 ಗ್ರಾಂ ಪುಡಿ ಕಡಿಮೆಯಿತ್ತು.

ಅಡುಗೆಗೆ ಮಾತ್ರ ಇದರಿಂದ ತೊಂದರೆಯಾಗಿಲ್ಲ. ಮೈಸೂರು ಪಾಕಿಗೆ ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರನ್ನೂ ಇದರಲ್ಲೇ ತೂಗಿದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿ ಹದ ಕೆಡುವುದಿಲ್ಲ. ತುಪ್ಪವನ್ನಷ್ಟೇ ಪಾವಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ.

ಮಾರಾಟಗಾರರಿಗೆ ಬರೆದಾಗ ‘ಒಂದೊಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುತ್ತದೆ’ ಎಂಬ ಉತ್ತರ ಬಂತು, ಆದರೆ ನಾನು ಕೇಳಿದ್ದು ಅದನ್ನಲ್ಲ. ಕೆಲವು ತಕ್ಕಡಿಗಳಲ್ಲಿ ಗುಂಡಿಯೊಂದನ್ನು ಒತ್ತಿಹಿಡಿದು, ಗೊತ್ತಾದ ತೂಕವನ್ನಿಟ್ಟು ತಪ್ಪನ್ನು ತಿದ್ದುವ ಕ್ಯಾಲಿಬ್ರೇಷನ್ ಸೌಲಭ್ಯ ಇರುತ್ತದೆ; ಇದರ ಕೈಪಿಡಿಯಲ್ಲಿ ಅದರ ಪ್ರಸ್ತಾಪವೇ ಇಲ್ಲ. ಕೊಳ್ಳುವವರು ಮೊದಲು ಅದನ್ನು ನೋಡಬೇಕು.

ಮನೆಯ ಅಡುಗೆಗೆ ಇದು ಸಾಕು. ಮಾರಾಟಕ್ಕೆ ಖಂಡಿತ ಬೇಡ: 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಪ್ರಕಾರ ವ್ಯಾಪಾರದ ತಕ್ಕಡಿಯನ್ನು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿರಬೇಕು, ನಾನೂ ಅದನ್ನು ಮೊದಲೇ ತಿಳಿದುಕೊಳ್ಳಬೇಕಿತ್ತು. ಐದರಲ್ಲಿ ಎರಡು ನಕ್ಷತ್ರ ಕೊಡುತ್ತೇನೆ. ಮುದ್ರೆಯಿರುವ ತಕ್ಕಡಿಯನ್ನು ಈಗ ಕೊಂಡಿದ್ದೇನೆ. ಹಳೆಯ ಗಿರಾಕಿಗಳಿಗೆ ಕಡಿಮೆಯಾಗಿದ್ದ ಪುಡಿಯನ್ನು ಅದರಲ್ಲಿ ತೂಗಿ ಕಳುಹಿಸುತ್ತಿದ್ದೇನೆ.